ಕರೆಂಟ್ ಯಾವ ಹೊತ್ತಿಗೆ ಬರುತ್ತದೆ?

ಎಲ್ಲರಿಗೂ ನಮಸ್ಕಾರ. ಬಿಸಿಲು, ಗಾಳಿ, ನೀರು ಈ ಮೂರನ್ನೂ ಹೋಲಿಸಿ ಮಾತಾಡಿ ಎಂದು ಸಂಘಟಕರು ಹೇಳಿದ್ದಾರೆ. ಸಾಗರದಲ್ಲಿ ನಿಂತು ಮಾತಾಡುವಾಗ ಶರಾವತಿಯಿಂದಲೇ ಶುರು ಮಾಡಬೇಕು.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಲ್ಲಿಯ ನೀರು ತಳಕಳಲೆ ಜಲಾಶಯಕ್ಕೆ ಹೋಗಿ, ಅಲ್ಲಿಂದ ದೊಡ್ಡ ಪೈಪುಗಳಲ್ಲಿ ಸುಮಾರು 440 ಮೀಟರ್ ಕೆಳಗಿಳಿದು ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಒಟ್ಟು 1,035 ಮೆಗಾವಾಟ್. ಲೆಕ್ಕ ಹಾಕಿದರೆ ಸಾವಿರ ಲೀಟರ್ ನೀರಿಗೆ ಹೆಚ್ಚುಕಡಿಮೆ ಒಂದು ಯೂನಿಟ್ ಸಿಗುತ್ತದೆ. ಮನೆಯ ಮೇಲೆ ಇಡುವ ಒಂದು ಟ್ಯಾಂಕ್ ನೀರು ಅಷ್ಟು ಎತ್ತರದಿಂದ ಇಳಿದರೆ ಹತ್ತು ವಾಟಿನ ಬಲ್ಬ್ ನೂರು ಗಂಟೆ ಉರಿಯುತ್ತದೆ. ಘಟ್ಟ ನಮಗೆ ಕೊಟ್ಟ ಎತ್ತರದ ಬೆಲೆ ಅದು.

ಈಗ ಪಾವಗಡ ನೋಡಿ. ಮಳೆ ಕಡಿಮೆ, ಬಿಸಿಲು ಜಾಸ್ತಿ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದಿದೆ. ಹಾಗಾದರೆ ಶರಾವತಿಗಿಂತ ದುಪ್ಪಟ್ಟು ಅಲ್ವಾ? ಮೆಗಾವಾಟ್ ಲೆಕ್ಕದಲ್ಲಿ ಹೌದು. ಆದರೆ ಆ 2,050 ಅನ್ನುವುದು ನೆತ್ತಿಯ ಮೇಲೆ ಬಿರುಬಿಸಿಲು ಇದ್ದಾಗಿನ ಸಂಖ್ಯೆ. ಹಗಲು, ರಾತ್ರಿ, ಮೋಡ ಎಲ್ಲ ಸೇರಿಸಿ ವರ್ಷದ ಸರಾಸರಿ ತೆಗೆದರೆ ಸೋಲಾರ್ ಕೊಡುವುದು ತನ್ನ ಶಕ್ತಿಯ ಐದನೇ ಒಂದು ಭಾಗ, ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು. ಸಂಜೆ ಏಳಕ್ಕೆ ಮನೆಮನೆಯಲ್ಲೂ ದೀಪ, ಟಿವಿ, ಮಿಕ್ಸಿ ಶುರುವಾಗುವ ಹೊತ್ತಿಗೆ ಪಾವಗಡದಿಂದ ಬರುವುದು ಸೊನ್ನೆ.

ಹಾಗಂತ ಸೋಲಾರನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಹಗಲಿನಲ್ಲಿ ಅದಕ್ಕಿಂತ ಅಗ್ಗದ ಕರೆಂಟ್ ಹುಡುಕುವುದು ಕಷ್ಟ. ನಾನು ಹೇಳುವುದು ಇಷ್ಟೇ: ಮೆಗಾವಾಟ್ ಪಕ್ಕಕ್ಕೆ ಮೆಗಾವಾಟ್ ಇಟ್ಟು ಹೋಲಿಸಬೇಡಿ. ಯಾವ ತಿಂಗಳು, ಯಾವ ಹೊತ್ತು ಅಂತ ಕೇಳಿ.

ಗಾಳಿಯ ವಿಷಯಕ್ಕೆ ಬಂದರೆ ಈ ಪ್ರಶ್ನೆ ಇನ್ನೂ ಮುಖ್ಯವಾಗುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎಂಟರಷ್ಟಾಗುತ್ತದೆ. ವೇಗ ಅರ್ಧಕ್ಕೆ ಇಳಿದರೆ ಎಂಟನೇ ಒಂದು ಭಾಗ. ಅದಕ್ಕೇ ಗಾಳಿಯಂತ್ರಗಳನ್ನು ಎಲ್ಲೆಂದರಲ್ಲಿ ನಿಲ್ಲಿಸುವುದಿಲ್ಲ, ಚಿತ್ರದುರ್ಗದ ಗುಡ್ಡಸಾಲು, ಗದಗದ ಬಯಲು ಹುಡುಕಿ ಹೋಗುತ್ತಾರೆ. ಅಲ್ಲಿ ಆಷಾಢದಲ್ಲಿ ನಿಂತವರಿಗೆ ಗೊತ್ತು, ಹೆಗಲ ಮೇಲಿನ ಟವೆಲ್ ನಿಲ್ಲುವುದಿಲ್ಲ. ಮುಂಗಾರಿನ ಗಾಳಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲೂ ರಾತ್ರಿ ಬೀಸುತ್ತದೆ. ಮೋಡ ಕವಿದು ಸೋಲಾರ್ ಇಳಿಯುವ ತಿಂಗಳುಗಳೂ ಅವೇ. ಒಂದು ಸೋತಾಗ ಇನ್ನೊಂದು ಎದ್ದು ನಿಲ್ಲುತ್ತದೆ. ಇದು ನಮ್ಮ ನಾಡಿನ ದೊಡ್ಡ ಅದೃಷ್ಟ.

ಆದರೆ ಗಾಳಿ ಅಕ್ಟೋಬರ್‌ಗೆ ಕೈಬಿಡುತ್ತದೆ. 2023 ನೆನಪಿದೆಯಲ್ಲ? ಮುಂಗಾರು ಕೈಕೊಟ್ಟಿತು, ಜಲಾಶಯಗಳು ತುಂಬಲಿಲ್ಲ. ಬೆಳೆ ಉಳಿಸಿಕೊಳ್ಳಲು ರೈತರು ಪಂಪ್‌ಸೆಟ್ ಹಾಕಿದರು, ಬೇಡಿಕೆ ಏರಿತು. ಅಕ್ಟೋಬರ್‌ನಲ್ಲಿ ರಾಜ್ಯ ಕರೆಂಟ್ ಅಭಾವಕ್ಕೆ ಸಿಕ್ಕಿಕೊಂಡಿತು. ನೀರನ್ನು ನಂಬಿದವರಿಗೆ ಇರುವ ಕಷ್ಟ ಇದೇ. ಮಳೆ ಇಲ್ಲದ ವರ್ಷ ಕರೆಂಟ್ ಕಡಿಮೆಯಾಗುವುದೂ ಬೇಡಿಕೆ ಹೆಚ್ಚುವುದೂ ಒಟ್ಟಿಗೇ ನಡೆಯುತ್ತದೆ.

ಹಾಗಾದರೆ ನೀರಿನ ನಿಜವಾದ ಗುಣ ಯಾವುದು? ಕಾಯುವ ಗುಣ. ಬಿಸಿಲು ಬಂದಾಗಲೇ ಹಿಡಿಯಬೇಕು, ಗಾಳಿಯೂ ಹಾಗೆಯೇ. ಲಿಂಗನಮಕ್ಕಿಯ ನೀರು ಮಾತ್ರ ಬೇಡ ಎಂದಾಗ ನಿಲ್ಲುತ್ತದೆ, ಬೇಕು ಎಂದಾಗ ಕೆಲವೇ ನಿಮಿಷದಲ್ಲಿ ಯಂತ್ರ ತಿರುಗಿಸುತ್ತದೆ. ಕಲ್ಲಿದ್ದಲಿನ ಘಟಕ ತಣ್ಣಗಾದ ಮೇಲೆ ಮತ್ತೆ ಎದ್ದೇಳಲು ಗಂಟೆಗಟ್ಟಲೆ ಬೇಕು. ಆದ್ದರಿಂದ ಹಗಲಲ್ಲಿ ಬಿಸಿಲು ಧಾರಾಳವಾಗಿರುವಾಗ ಈ ನೀರನ್ನು ಖರ್ಚು ಮಾಡಬಾರದು. ಅದು ಸಂಜೆಗೆ, ಕಷ್ಟದ ತಿಂಗಳಿಗೆ ಇರಲಿ. ಹಾಗೆಯೇ ಪಂಪ್‌ಸೆಟ್‌ಗೆ ತ್ರೀಫೇಸ್ ಹಗಲಲ್ಲೇ ಕೊಡಬೇಕು. ಸೋಲಾರ್ ಅಲ್ಲೇ ಬಳಕೆಯಾಗುತ್ತದೆ. ನಡುರಾತ್ರಿ ಟಾರ್ಚ್ ಹಿಡಿದು, ಹಾವು ಹುಳದ ಭಯದಲ್ಲಿ ಮೋಟರ್ ಹಾಕಲು ಹೋಗುವ ರೈತನ ಪ್ರಾಣಕ್ಕೂ ಬೆಲೆ ಇದೆ.

ಜಾಗದ ಮಾತು ಬಿಟ್ಟು ಈ ಹೋಲಿಕೆ ಮುಗಿಯುವುದಿಲ್ಲ. ಗಾಳಿಯಂತ್ರದ ಬುಡ ಬಿಟ್ಟರೆ ಸುತ್ತ ಶೇಂಗಾನೋ ಜೋಳವೋ ಬೆಳೆಯಬಹುದು. ಸೋಲಾರ್ ಇಡೀ ಹೊಲ ಕೇಳುತ್ತದೆ. ಪಾವಗಡದಲ್ಲಿ ಭೂಮಿ ಕಿತ್ತುಕೊಳ್ಳಲಿಲ್ಲ, ವರ್ಷಕ್ಕೆ ಎಕರೆಗೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ತೆಗೆದುಕೊಂಡರು. ಇದು ಒಳ್ಳೆಯ ದಾರಿ, ಮನಸಾರೆ ಒಪ್ಪುತ್ತೇನೆ. ಆದರೆ ಬಾಡಿಗೆ ಬಂದದ್ದು ಭೂಮಿ ಇದ್ದವರಿಗೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಏನು ಬಂತು?

ಇನ್ನು ನೀರಿನ ಕರೆಂಟ್ ಕೇಳಿದ್ದು ಊರುಗಳನ್ನೇ. ನಿಮಗೆ ನಾನು ಹೇಳಬೇಕಾಗಿಲ್ಲ, ಈ ಸಭೆಯಲ್ಲೇ ಮುಳುಗಡೆಯ ಮನೆತನದವರು ಇರಬಹುದು. ನಾಡಿಗೆಲ್ಲ ಬೆಳಕು ಕೊಟ್ಟವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಭೂಮಿಯ ಹಕ್ಕಿಗಾಗಿ ಕಚೇರಿ ಸುತ್ತುವುದು ಅನ್ಯಾಯ. ಈ ಸಾಲ ತೀರದೆ ಜಲವಿದ್ಯುತ್ ಅಗ್ಗ ಎಂದು ನಾನು ಹೇಳಲಾರೆ.

ಕೊನೆಗೆ, ನೀವೆಲ್ಲ ಕಾಯುತ್ತಿರುವ ಪ್ರಶ್ನೆ: ಶರಾವತಿ ಪಂಪ್ಡ್ ಸ್ಟೋರೇಜ್. 2,000 ಮೆಗಾವಾಟ್ ಯೋಜನೆ. ಕರೆಂಟ್ ಹೆಚ್ಚಿದ್ದಾಗ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಳಕಳಲೆಗೆ ಎತ್ತುವುದು, ಬೇಕಾದಾಗ ಇಳಿಸುವುದು. ಇದು ಹೊಸ ಕರೆಂಟ್ ಹುಟ್ಟಿಸುವುದಿಲ್ಲ. ನೂರು ಯೂನಿಟ್ ಹಾಕಿದರೆ ಎಪ್ಪತ್ತೈದೋ ಎಂಬತ್ತೋ ವಾಪಸ್ ಬರುತ್ತದೆ. ಆದರೂ ಇಂಥ ಸಂಗ್ರಹ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಸೋಲಾರ್ ಬೆಳೆದಂತೆ ಇನ್ನೂ ಬೇಕಾಗುತ್ತದೆ. ನನ್ನ ತಕರಾರು ಜಾಗದ ಬಗ್ಗೆ. ಇದು ಸಿಂಗಳೀಕಗಳ ಅಭಯಾರಣ್ಯ. ಮರದಿಂದ ಮರಕ್ಕೆ ಹಾರಿಯೇ ಬದುಕುವ ಪ್ರಾಣಿಗೆ ಕಾಡಿನ ನಡುವೆ ಒಂದು ರಸ್ತೆ ಸೀಳಿದರೂ ಹೊಡೆತ. ಆಂಧ್ರದ ಪಿನ್ನಾಪುರಂನಲ್ಲಿ ನದಿಯ ಹರಿವಿಗೆ ಅಡ್ಡ ಬಾರದಂತೆ, ಎರಡು ಜಲಾಶಯ ಕಟ್ಟಿ ಇದೇ ಕೆಲಸ ಮಾಡಿದ್ದಾರೆ. ನಮ್ಮಲ್ಲೂ ಬಯಲುಸೀಮೆಯ ಗುಡ್ಡಗಳಿವೆ, ಸೋಲಾರ್ ಪಾರ್ಕ್‌ಗಳೂ ಹೆಚ್ಚಾಗಿ ಅಲ್ಲೇ ಇವೆ. ಮೊದಲು ಅಲ್ಲಿ ಹುಡುಕಿ, ಬ್ಯಾಟರಿಯ ಖರ್ಚನ್ನೂ ಪಕ್ಕದಲ್ಲಿಟ್ಟು ನೋಡಿ, ಆ ಲೆಕ್ಕವನ್ನು ಜನರ ಮುಂದಿಡಿ ಎಂದು ನಾವು ಕೇಳಬೇಕು. ಈಗ ನೀವು ಕೇಳಿ, ನನಗೆ ತಿಳಿದಷ್ಟು ಹೇಳುತ್ತೇನೆ.