ಹೊಲಿಗೆ ಲೈನಿನಿಂದ ಕಂಡ ಯೂನಿಯನ್

ಕೇಳುಗರಿಗೆ ನಮಸ್ಕಾರ.

ಯೂನಿಯನ್ ಮಾತು ಬಂದರೆ ಬೆಂಗಳೂರಿನಲ್ಲಿ ಒಂದೇ ಮನೆಯಲ್ಲೂ ಎರಡು ದನಿ ಕೇಳುತ್ತದೆ. ಎಚ್‌ಎಂಟಿ, ಐಟಿಐ, ಬಿಇಎಲ್‌ನಂಥ ಸರ್ಕಾರಿ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಮಾವನವರಿಗೆ ಯೂನಿಯನ್ ಎಂದರೆ ವೇತನ ಒಪ್ಪಂದ, ಬಡ್ತಿ, ಕ್ಯಾಂಟೀನು. ಇನ್ನೊಂದು ಸರ್ಕಾರಿ ಕಂಪನಿಯಾದ ಬಿಎಚ್‌ಇಎಲ್ ನೌಕರರಿಗೆ ಸಮನಾದ ಸಂಬಳ ಬೇಕೆಂದು 1980ರ ಡಿಸೆಂಬರ್ ಕೊನೆಯಲ್ಲಿ ಶುರುವಾಗಿ 77 ದಿನ ನಡೆದ ಮುಷ್ಕರ ಆ ತಲೆಮಾರಿಗೆ ಇನ್ನೂ ನೆನಪಿದೆ. ಅದೇ ಮನೆಯ ಸೊಸೆ ಬೊಮ್ಮನಹಳ್ಳಿಯಲ್ಲೋ ಪೀಣ್ಯದಲ್ಲೋ ಗಾರ್ಮೆಂಟ್ಸಿಗೆ ಹೋಗುತ್ತಿದ್ದರೆ, "ಯೂನಿಯನ್ ಸೇರಿದರೆ ಕೆಲಸ ಹೋಗುತ್ತೆ" ಎನ್ನುತ್ತಾಳೆ. ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಾರೆ. ಮಾವ ಕಂಡದ್ದನ್ನು ಬಹಳ ಜನ ಬರೆದಿದ್ದಾರೆ. ಸೊಸೆ ಕಂಡದ್ದನ್ನು ಇವತ್ತು ನೋಡೋಣ.

ಅವಳ ಲೋಕ ಒಂದು ಲೈನು. ಕೆಲವು ಡಜನ್ ಮೆಷೀನು, ಒಬ್ಬೊಬ್ಬರಿಗೆ ಒಂದೊಂದು ಹೊಲಿಗೆ: ಕಾಲರ್, ಕಫ್, ತೋಳು. ಪ್ರತಿ ಹೊಲಿಗೆಗೆ ಹಿಡಿಯುವ ಕಾಲವನ್ನು ಮೊದಲೇ ನಿಗದಿ ಮಾಡಿರುತ್ತಾರೆ. ಅದನ್ನು ಎಸ್‌ಎಎಂ (ಸ್ಟ್ಯಾಂಡರ್ಡ್ ಅಲೋಡ್ ಮಿನಿಟ್) ಎನ್ನುತ್ತಾರೆ. ಒಂದು ಪೀಸಿಗೆ ಅರ್ಧ ನಿಮಿಷ ಎಂದಾದರೆ ಗಂಟೆಗೆ 120 ಪೀಸು. ಅದರಲ್ಲಿ ಶೇ 75 ಬರಲೇಬೇಕೆಂದರೆ 90, ಅದೇ ಟಾರ್ಗೆಟ್. ದಾರ ಹರಿದರೂ ಹೊಲಿಯಬೇಕಾದ ತುಂಡುಗಳ ಬಂಡಲ್ ತಡವಾಗಿ ಬಂದರೂ ಗಡಿಯಾರ ನಿಲ್ಲುವುದಿಲ್ಲ. ಸೂಜಿ ಮುರಿದರೆ ಅದರ ಚೂರುಗಳನ್ನೆಲ್ಲ ಹುಡುಕಿ ಕೊಟ್ಟ ಮೇಲೆಯೇ ಹೊಸ ಸೂಜಿ ಸಿಗುವುದು, ಬಟ್ಟೆಯೊಳಗೆ ಲೋಹದ ಚೂರು ಉಳಿಯಬಾರದೆಂಬ ನಿಯಮ ಅದು. ಆ ಹುಡುಕಾಟದಲ್ಲಿ ಹತ್ತು ನಿಮಿಷ ಹೋದರೆ 15 ಪೀಸು ಹಿಂದೆ ಬಿದ್ದಂತೆ.

ಕಾಲರ್ ಕೂಡಿಸುವವಳು ಒಂದು ದಿನ ಬರದಿದ್ದರೆ ಅವಳ ಹಿಂದೆ ಬಂಡಲ್ಲುಗಳ ರಾಶಿ, ಮುಂದೆ ಖಾಲಿ ಕೈಗಳು. ರಜೆ ಕೇಳಿದಾಗ ಸೂಪರ್‌ವೈಸರ್ ರೇಗುವುದು ಇದಕ್ಕೇ. ಟಾರ್ಗೆಟ್ ಬರುವುದು ವಿದೇಶದ ಬೈಯರ್ ಒಪ್ಪಿದ ದರ ಮತ್ತು ಹಡಗಿಗೆ ಮಾಲು ಹಾಕಬೇಕಾದ ತಾರೀಖಿನಿಂದ. ಟೈಲರ್ ಕಣ್ಣಿಗೆ ಬೀಳುವುದು ಮಾತ್ರ ಪಕ್ಕದಲ್ಲಿ ನಿಂತು ಕೂಗುವ ಸೂಪರ್‌ವೈಸರ್. ಗೇಟಿನ ಹೊರಗೆ ಕೂಲಿ ಏರಿಕೆಯ ಕರಪತ್ರ ಹಂಚುವ ಮುಖಂಡರು ಒಳಗಿನ ಬೈಗುಳದ ಬಗ್ಗೆ, ಶೌಚಾಲಯಕ್ಕೆ ಹೋಗಲು ಕೊಡದ ಐದು ನಿಮಿಷದ ಬಗ್ಗೆ ಏನೂ ಹೇಳದಿದ್ದರೆ, ಅವರ ಮಾತು ಅವಳಿಗೆ ಬೇರೆ ಯಾರದ್ದೋ ಕಥೆ ಅನ್ನಿಸುತ್ತದೆ. ಇದು ಸಂಘಗಳ ಕಡೆಯ ತಪ್ಪು, ಸಣ್ಣ ತಪ್ಪೇನೂ ಅಲ್ಲ.

ಆ ಬೈಗುಳಕ್ಕೂ ಕೂಲಿಗೂ ನಂಟಿದೆ. ಲೆಕ್ಕಕ್ಕೆ ಸುಲಭವಾಗಲೆಂದು ಸಂಬಳ ತಿಂಗಳಿಗೆ 13,000 ಎಂದುಕೊಳ್ಳಿ. 26 ದಿನ, ದಿನಕ್ಕೆ 8 ಗಂಟೆ, ಅಂದರೆ ಗಂಟೆಗೆ 62 ರೂಪಾಯಿ 50 ಪೈಸೆ. ಕಾನೂನಿನ ಪ್ರಕಾರ ಓಟಿಗೆ, ಅಂದರೆ ಹೆಚ್ಚುವರಿ ದುಡಿಮೆಗೆ, ದುಪ್ಪಟ್ಟು, 125. "ಟಾರ್ಗೆಟ್ ಮುಗಿಸಿ ಹೋಗಿ" ಎಂದು ದಿನಕ್ಕೆ ಅರ್ಧ ಗಂಟೆ ಪುಕ್ಕಟೆ ಕೂರಿಸಿದರೆ ತಿಂಗಳಿಗೆ 13 ಗಂಟೆ, 1,625 ರೂಪಾಯಿ ನಷ್ಟ. ಹೊರಹೋಗುವ ಹಾಜರಿಯ ಪಂಚಿಂಗ್ ಆದ ಮೇಲೆ ಕೂರಿಸಿದ್ದರೆ ಅದಕ್ಕೆ ದಾಖಲೆಯೂ ಇರುವುದಿಲ್ಲ. ಈ ಲೆಕ್ಕವನ್ನು ಒಮ್ಮೆ ಕೂತು ಬಿಡಿಸಿ ತೋರಿಸಿದವರನ್ನು ಟೈಲರ್‌ಗಳು ಮರೆಯುವುದಿಲ್ಲ.

ಇನ್ನು 'ಕಮಿಟಿ'. 100 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಆಡಳಿತ ಮತ್ತು ಕಾರ್ಮಿಕರ ಪ್ರತಿನಿಧಿಗಳು ಕೂಡಿ ಕೂರುವ ವರ್ಕ್ಸ್ ಕಮಿಟಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಕಾರ್ಮಿಕರ ಪ್ರತಿನಿಧಿಗಳನ್ನು ಎಚ್‌ಆರ್ ವಿಭಾಗವೇ ಆರಿಸಿದ ಕಡೆ ಅದು ಕುಡಿಯುವ ನೀರು, ಫ್ಯಾನು, ಹಬ್ಬದ ಸಿಹಿಯ ವಿಷಯ ಮಾತಾಡಿ ಮುಗಿಯುತ್ತದೆ. ಕೂಲಿಯ ಚೌಕಾಸಿ ಅದರ ಕೆಲಸವೇ ಅಲ್ಲ. ಅದನ್ನು ನೋಡಿ ಬೇಸತ್ತವರು ಯೂನಿಯನ್ನೂ ಹೀಗೇ ಎಂದು ಕೈಬಿಡುತ್ತಾರೆ.

ಈಗ 2016ಕ್ಕೆ ಬರೋಣ. ಆ ವರ್ಷದ ಫೆಬ್ರುವರಿಯಲ್ಲಿ ಹೊಸ ಪಿಎಫ್ (ಭವಿಷ್ಯ ನಿಧಿ) ನಿಯಮ ಬಂತು: ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ. ಆಗ 7,000 ಸಂಬಳವಿದ್ದವಳ ಪಾಲು ಶೇ 12, ಅಂದರೆ 840 ರೂಪಾಯಿ. ಮಾಲೀಕರ ಶೇ 12ರಲ್ಲಿ 8.33 ಪಿಂಚಣಿ ನಿಧಿಗೆ ಹೋಗಿ ಉಳಿದ 3.67, ಸುಮಾರು 257 ರೂಪಾಯಿ, ಅವಳ ಪಿಎಫ್ ಖಾತೆಗೆ. ಐದು ವರ್ಷಕ್ಕೆ ಬಡ್ಡಿ ಬಿಟ್ಟು 65,000 ದಾಟುತ್ತದೆ. ಕೆಲಸ ಬಿಟ್ಟು ಈ ಹಣ ತೆಗೆದು ಮಗಳ ಫೀಸು ಕಟ್ಟುವುದು, ಸಾಲ ತೀರಿಸುವುದು ಗಾರ್ಮೆಂಟ್ಸಿನಲ್ಲಿ ಮಾಮೂಲು. 58ರವರೆಗೆ ಆ ಮೆಷೀನಿನ ಮುಂದೆ ಯಾರು ಕೂರುತ್ತಾರೆ?

ಏಪ್ರಿಲ್ 18 ಮತ್ತು 19ರಂದು ಸಾವಿರಾರು ಮಹಿಳೆಯರು ರಸ್ತೆಗಿಳಿದರು. ಹೊಸೂರು ರಸ್ತೆ ನಿಂತೇಹೋಯಿತು. ಕರೆ ಕೊಟ್ಟದ್ದು ಯಾವ ದೊಡ್ಡ ಸಂಘವೂ ಅಲ್ಲ. 19ರಂದೇ ಕೇಂದ್ರ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ಒಗ್ಗಟ್ಟಾದರೆ ಎರಡೇ ದಿನದಲ್ಲಿ ದೆಹಲಿ ಮಣಿಯುತ್ತದೆ ಎಂದು ಅವತ್ತು ರಸ್ತೆಯಲ್ಲಿದ್ದವರು ಕಣ್ಣಾರೆ ಕಂಡರು. ಲಾಠಿ, ಬಂಧನ, ಕೇಸುಗಳೂ ಅದರ ಜೊತೆಗೇ ಬಂದವು. ಆಗ ವಕೀಲರನ್ನು ಹಿಡಿದು ಠಾಣೆಗೆ ಅಲೆಯಲು ಸಂಘಟನೆಯೇ ಬೇಕಾಯಿತು.

ನಾಲ್ಕು ವರ್ಷದ ನಂತರ ಪಾಠ ತಿರುಗಿತು. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆಯನ್ನು, ತಿಂಗಳಿಗೆ ಸುಮಾರು 417 ರೂಪಾಯಿಯನ್ನು, ರಾಜ್ಯ ಸರ್ಕಾರ ಕೋವಿಡ್ ಕಾರಣಕ್ಕೆ ಒಂದು ವರ್ಷ ಮುಂದೂಡಿತು. ಬೀದಿಗಿಳಿಯುವ ಕಾಲ ಅದಾಗಿರಲಿಲ್ಲ. ಸಂಘಗಳು ಹೈಕೋರ್ಟಿಗೆ ಹೋಗಿ ಆ ಆದೇಶಕ್ಕೆ ತಡೆ ತಂದವು. ಆದರೂ ಬಾಕಿ ಕೈಸೇರಲು ಬಹಳ ಕಾಲ ಹಿಡಿಯಿತು. ಯೂನಿಯನ್ನಿನಿಂದ ಹಣ ಬಂತು ಎನ್ನುವವರೂ ಯೂನಿಯನ್ ಎಂದರೆ ಬರೀ ಕಾಯುವುದು ಎನ್ನುವವರೂ ಈ ಒಂದೇ ಪ್ರಕರಣದಿಂದ ಹುಟ್ಟಿದರು. ಬಾಕಿ ಸಿಗುವ ಮೊದಲೇ ಫ್ಯಾಕ್ಟರಿ ಬದಲಿಸಿದವರಿಗೆ ಎರಡನೆಯದೇ ನಿಜ.

ಸಂಘ ಕಟ್ಟಲು ಅರ್ಜಿಗೆ ಕನಿಷ್ಠ 7 ಜನ ಸಹಿ ಹಾಕಬೇಕು. ಸದಸ್ಯರು ಸಂಸ್ಥೆಯ ಶೇ 10 ಅಥವಾ 100 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟಾದರೂ ಇರಬೇಕು. ಕೆಡುವುದು ಸಾಮಾನ್ಯವಾಗಿ ಇಲ್ಲೇ. ಸಹಿಯ ಪಟ್ಟಿ ಸೋರಿದರೆ ಮೊದಲ ಹೆಸರಿನವಳನ್ನು ಬೇರೆ ಲೈನಿಗೆ ಹಾಕಿ, ಕೈ ಪಳಗದ ಹೊಲಿಗೆ ಕೊಟ್ಟು, ವಾರದೊಳಗೆ "ಟಾರ್ಗೆಟ್ ಕೊಡುತ್ತಿಲ್ಲ" ಎಂದು ಮೆಮೊ ಕೊಡಬಹುದು. ಅದನ್ನು ನೋಡಿದ ಇಡೀ ಫ್ಲೋರಿಗೆ ಯೂನಿಯನ್ ಬಗ್ಗೆ ಒಂದು ಅಭಿಪ್ರಾಯ ಅವತ್ತೇ ಗಟ್ಟಿಯಾಗುತ್ತದೆ. ಲೈನು ಬದಲಾದ ದಿನಾಂಕ, ಹಳೆಯ ಹೊಲಿಗೆಯಲ್ಲಿ ಗಂಟೆಗೆ ಎಷ್ಟು ಪೀಸು, ಹೊಸದರಲ್ಲಿ ಎಷ್ಟು, ಇಷ್ಟನ್ನು ಅದೇ ದಿನ ಡೈರಿಯಲ್ಲಿ ಬರೆದಿಟ್ಟರೆ ಕಾರ್ಮಿಕ ಅಧಿಕಾರಿಯ ಮುಂದೆ ಮಾತಿಗೆ ಆಧಾರವಿರುತ್ತದೆ. ದೂರು ಎರಡು ಪ್ರತಿಯಲ್ಲಿರಲಿ, ಒಂದರ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಆದ ಒಪ್ಪಂದ ಸಂಘಕ್ಕೆ ಚಂದಾ ಕಟ್ಟದವರಿಗೂ ಅನ್ವಯಿಸುತ್ತದೆ. ಚಂದಾ ಕಟ್ಟಿದವಳಿಗೆ ಇದರಿಂದ ಕಸಿವಿಸಿಯಾಗುವುದು ಸಹಜ. ಸಂಘ ನಡೆಸುವವರೇ, ಅವಳು ಉಳಿಯಬೇಕಾದರೆ ಪ್ರತಿ ಚಂದಾಕ್ಕೂ ರಸೀದಿ ಕೊಡಿ, ಲೆಕ್ಕ ಓದಿ ಹೇಳಿ. ಸಭೆಯನ್ನು ಸಂಜೆ 7ಕ್ಕೆ ಇಡಬೇಡಿ, ಆ ಹೊತ್ತಿಗೆ ಅವಳು ಒಲೆಯ ಮುಂದಿರುತ್ತಾಳೆ. ಭಾನುವಾರ ಹನ್ನೊಂದು ಗಂಟೆಗೆ, ಗೇಟಿನಿಂದ ದೂರ, ಮಕ್ಕಳನ್ನೂ ಕರೆದುಕೊಂಡು ಬಂದು ಕೂರುವಂಥ ಜಾಗದಲ್ಲಿ ಇಡಿ.

ನಮಸ್ಕಾರ.