ಹದಿಮೂರು ಗೆದ್ದರೂ ಹೊರಗೆ ಉಳಿದ ತಂಡ

ಎಲ್ಲರಿಗೂ ನಮಸ್ಕಾರ.

2023ರ ಡಿಸೆಂಬರ್ 3ರಂದು ಅಮೆರಿಕದ ಕಾಲೇಜು ಫುಟ್‌ಬಾಲ್ ಅಭಿಮಾನಿಗಳು ರೊಚ್ಚಿಗೆದ್ದರು. ಫ್ಲೋರಿಡಾ ಸ್ಟೇಟ್ ತಂಡ ಆಡಿದ 13 ಪಂದ್ಯಗಳನ್ನೂ ಗೆದ್ದಿತ್ತು. ಆದರೂ ನಾಲ್ಕು ತಂಡಗಳ ಪ್ಲೇಆಫ್‌ನಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಒಂದು ಪಂದ್ಯ ಸೋತಿದ್ದ ಅಲಬಾಮ ಒಳಗೆ ಬಂತು. ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿಯನ್ನು ಮುನ್ನಡೆಸುವ ಆಟಗಾರ ಜೋರ್ಡನ್ ಟ್ರಾವಿಸ್ ಗಾಯಗೊಂಡಿದ್ದನ್ನು ಆಯ್ಕೆ ಸಮಿತಿ ಕಾರಣವಾಗಿ ಕೊಟ್ಟಿತು. ಆದರೆ ಅಲಬಾಮ ಹಿಂದಿನ ದಿನವಷ್ಟೇ ಒಂದನೇ ಸ್ಥಾನದ ಜಾರ್ಜಿಯಾವನ್ನು ಸೋಲಿಸಿತ್ತು. ಯಾರ ಜೊತೆ ಆಡಿದಿರಿ ಅನ್ನುವ ಲೆಕ್ಕವೂ ಅಲ್ಲಿತ್ತು.

ಈ ಲೆಕ್ಕ ಯಾಕೆ ಬೇಕು? ಐಪಿಎಲ್‌ನಲ್ಲಿ ಹತ್ತು ತಂಡಗಳು, ಪ್ರತಿಯೊಂದೂ ಉಳಿದ ಒಂಬತ್ತನ್ನು ಒಮ್ಮೆಯಾದರೂ ಎದುರಿಸುತ್ತದೆ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಮೇಲಿನ ದರ್ಜೆಯಲ್ಲೇ 130ಕ್ಕೂ ಜಾಸ್ತಿ ತಂಡಗಳಿವೆ. ಲೀಗ್ ಹಂತದಲ್ಲಿ ಒಂದೊಂದಕ್ಕೆ ಸಿಗುವುದು 12 ಪಂದ್ಯ. ಸುಮ್ನೆ ಗೆಲುವು ಎಣಿಸಿದರೆ ನ್ಯಾಯ ಆಗುವುದಿಲ್ಲ, ಅಲ್ವಾ?

1998ರಲ್ಲಿ ಬಂದ, ಫೈನಲ್ ಆಡುವ ಎರಡು ತಂಡಗಳನ್ನು ಆರಿಸುತ್ತಿದ್ದ ಬಿಸಿಎಸ್ ಪದ್ಧತಿ ಇದಕ್ಕೊಂದು ಸೂತ್ರ ಮಾಡಿತು. ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ ಮೂರರಲ್ಲಿ ಎರಡು ಪಾಲು, ಆ ಎದುರಾಳಿಗಳ ಎದುರಾಳಿಗಳದ್ದಕ್ಕೆ ಒಂದು ಪಾಲು. ನೋಡಲು ಚೆನ್ನಾಗಿದೆ. ಆದರೆ ಸರಾಸರಿ ಮೋಸ ಮಾಡುತ್ತದೆ.

ಒಂದು ಲೆಕ್ಕ ಹಾಕೋಣ. ನಮ್ಮದು ಒಳ್ಳೆಯ ತಂಡ. ಬಲಿಷ್ಠರ ಮೇಲೆ ಗೆಲ್ಲುವ ಸಾಧ್ಯತೆ ನೂರಕ್ಕೆ 50, ಸಾಧಾರಣ ತಂಡದ ಮೇಲೆ 90, ದುರ್ಬಲರ ಮೇಲೆ 100 ಅಂತಿಟ್ಟುಕೊಳ್ಳಿ. ಇಬ್ಬರು ಬಲಿಷ್ಠರು, ಇಬ್ಬರು ದುರ್ಬಲರ ಜೊತೆ ಆಡಿದರೆ ನಾಲ್ಕನ್ನೂ ಗೆಲ್ಲುವ ಸಾಧ್ಯತೆ ನೂರಕ್ಕೆ 25. ನಾಲ್ಕು ಸಾಧಾರಣ ತಂಡಗಳ ಜೊತೆ ಆಡಿದರೆ ಸುಮಾರು 66. ಎದುರಾಳಿಗಳ ಸರಾಸರಿ ಬಲ ಎರಡೂ ಕಡೆ ಒಂದೇ ಇರಬಹುದು. ಸೋಲದೆ ಉಳಿಯುವ ಕಷ್ಟ ಮಾತ್ರ ಒಂದೇ ಅಲ್ಲ.

ತಂಡಗಳು ಕಾನ್ಫರೆನ್ಸ್ ಅನ್ನುವ ಗುಂಪುಗಳಲ್ಲಿ ಆಡುತ್ತವೆ. ಸಣ್ಣ ಕಾನ್ಫರೆನ್ಸ್‌ನವರ ಪಾಡು ಇನ್ನೂ ಕಷ್ಟ. ಅವರ ಅರ್ಧಕ್ಕಿಂತ ಹೆಚ್ಚು ಪಂದ್ಯಗಳು ಕಾನ್ಫರೆನ್ಸ್ ಒಳಗೇ ಮುಗಿಯುತ್ತವೆ. ಉಳಿದವು ವರ್ಷಗಳ ಮುಂಚೆಯೇ ಗೊತ್ತಾಗಿರುತ್ತವೆ. 2017ರಲ್ಲಿ ಯುಸಿಎಫ್ (ಯೂನಿವರ್ಸಿಟಿ ಆಫ್ ಸೆಂಟ್ರಲ್ ಫ್ಲೋರಿಡಾ) ಒಂದೂ ಪಂದ್ಯ ಸೋಲಲಿಲ್ಲ. ಸಮಿತಿ ಕೊಟ್ಟ ಸ್ಥಾನ 12. ಆಮೇಲೆ ಲೀಗ್ ಹಂತ ಮುಗಿದ ಮೇಲೆ ನಡೆಯುವ ಪೀಚ್ ಬೌಲ್ ಪಂದ್ಯದಲ್ಲಿ ಅದು ಆಬರ್ನ್ ತಂಡವನ್ನು 34-27ರಿಂದ ಸೋಲಿಸಿತು. ಆ ವರ್ಷ ಫೈನಲ್ ಆಡಿದ ಅಲಬಾಮ, ಜಾರ್ಜಿಯಾ ಎರಡನ್ನೂ ಇದೇ ಆಬರ್ನ್ ಲೀಗ್ ಹಂತದಲ್ಲಿ ಮಣಿಸಿತ್ತು! ಯುಸಿಎಫ್‌ಗೆ ಅನ್ಯಾಯವಾಯಿತು ಅಂತಲೇ ನನ್ನ ಅಭಿಪ್ರಾಯ.

ಹಾಗಂತ ಎದುರಾಳಿಗಳ ಬಲವನ್ನು ಬಿಟ್ಟುಬಿಡಿ ಅನ್ನುತ್ತಿಲ್ಲ. ಪ್ರಶ್ನೆ ಬದಲಾಗಬೇಕು. ಇದೇ 12 ಪಂದ್ಯಗಳನ್ನು ಬೇರೊಂದು ಒಳ್ಳೆಯ ತಂಡ ಆಡಿದ್ದರೆ ಎಷ್ಟು ಗೆಲ್ಲುತ್ತಿತ್ತು? ನೀವು ಅದಕ್ಕಿಂತ ಜಾಸ್ತಿ ಗೆದ್ದಿರಾ? 2025ರಿಂದ ಸಮಿತಿ 'ರೆಕಾರ್ಡ್ ಸ್ಟ್ರೆಂತ್' ಅನ್ನುವ ಅಳತೆಯನ್ನೂ ನೋಡುತ್ತಿದೆ. ಬಲಿಷ್ಠರ ಕೈಲಿ ಸೋತರೆ ಪೆಟ್ಟು ಕಡಿಮೆ, ದುರ್ಬಲರ ಕೈಲಿ ಸೋತರೆ ಜಾಸ್ತಿ. ನನಗೆ ಇದು ಸರಿಯಾದ ದಾರಿ ಅನಿಸುತ್ತದೆ.

2024ನ್ನೇ ನೋಡಿ. ಪ್ಲೇಆಫ್ 12 ತಂಡಗಳಿಗೆ ಹಿಗ್ಗಿತ್ತು. ಮೂರು ಪಂದ್ಯ ಸೋತ ಅಲಬಾಮ ನಮ್ಮ ಎದುರಾಳಿಗಳು ಕಠಿಣ ಅಂತ ವಾದಿಸಿತು. ಆದರೆ ಆ ಮೂರು ಸೋಲಿನಲ್ಲಿ ಎರಡು ವ್ಯಾಂಡರ್‌ಬಿಲ್ಟ್ ಮತ್ತು ಒಕ್ಲಹೋಮ ಎದುರು. ಎರಡೂ ಆರು ಗೆದ್ದು ಆರು ಸೋತಿದ್ದ ತಂಡಗಳು. ಕೊನೆಯ ಜಾಗ ಎಸ್‌ಎಂಯು (ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿ) ತಂಡಕ್ಕೆ ಹೋಯಿತು.