ಡಯಟ್ ಮುಗಿದ ಮೇಲೆ

ಕೇಳುಗರಿಗೆ ನಮಸ್ಕಾರ. ತಿಂಗಳುಗಟ್ಟಲೆ ಬಾಯಿ ಕಟ್ಟಿ ಕೊಬ್ಬು ಕರಗಿಸಿದ್ದೀರಿ. ಈಗ ಸ್ನಾಯು ಬೆಳೆಯಬೇಕು, ಕರಗಿದ ಕೊಬ್ಬು ಮರಳಿ ಬರಬಾರದು. ಅದಕ್ಕೆ ನಾನು ಹೇಳುವುದು ಒಂದೇ ಮಾತು: ಊಟ ಹೆಚ್ಚಿಸಿ, ಆದರೆ ಸ್ವಲ್ಪವೇ ಹೆಚ್ಚಿಸಿ. ಎಷ್ಟು ತಿಂದರೆ ತೂಕ ಏರದೆ ಇಳಿಯದೆ ನಿಲ್ಲುತ್ತದೋ, ಅದರ ಮೇಲೆ ದಿನಕ್ಕೆ 200ರಿಂದ 300 ಕ್ಯಾಲೊರಿ. ಅಷ್ಟೇ.

ನನ್ನ ಹತ್ತಿರ ತರಬೇತಿಗೆ ಬರುತ್ತಿದ್ದ ಒಬ್ಬ ಹುಡುಗನ ವಿಷಯ ಹೇಳಲೇಬೇಕು. ಹನ್ನೆರಡು ವಾರ ಕಟ್ಟುನಿಟ್ಟಾಗಿ ಡಯಟ್ ಮಾಡಿ 80 ಕಿಲೊದಿಂದ 71ಕ್ಕೆ ಇಳಿದಿದ್ದ. ಊಟ ಸ್ವಲ್ಪ ಏರಿಸಿದ ಮೊದಲ ವಾರವೇ ತೂಕ ಒಂದೂವರೆ ಕಿಲೊ ಹೆಚ್ಚಿತು. ಓಡಿ ಬಂದು, "ಸರ್, ಮಾಡಿದ್ದೆಲ್ಲ ಹೋಯ್ತು" ಅಂದ. ಕಣ್ಣು ತುಂಬಿತ್ತು. ನಾನು ಟೇಪು ತೆಗೆದು ಹೊಕ್ಕುಳ ಮಟ್ಟಕ್ಕೆ ಸುತ್ತಿದೆ. ಹುಡುಗ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡ. "ಉಸಿರು ಬಿಡಪ್ಪಾ" ಅಂದೆ. ಬಿಟ್ಟ. ಹಿಂದಿನ ವಾರದ ಅಳತೆಯೇ, ನೂಲೆಳೆಯಷ್ಟೂ ಹೆಚ್ಚಿಲ್ಲ! ಏರಿದ್ದು ಕೊಬ್ಬಲ್ಲ, ನೀರು. ಬರಿದಾಗಿದ್ದ ಸ್ನಾಯುಗಳಲ್ಲಿ ಗ್ಲೈಕೋಜನ್, ಅಂದರೆ ದೇಹ ಕೂಡಿಡುವ ಸಕ್ಕರೆಯ ದಾಸ್ತಾನು, ಮತ್ತೆ ತುಂಬಿಕೊಳ್ಳುತ್ತದೆ, ಅದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಡುತ್ತದೆ. ಇದು ತಿಳಿಯದೆ ಎಷ್ಟು ಜನ ಗಾಬರಿಬಿದ್ದು ಎರಡು ದಿನ ಉಪವಾಸ ಕೂರುತ್ತಾರೆ, ಮೂರನೆಯ ದಿನ ಸಿಕ್ಕಿದ್ದೆಲ್ಲ ತಿನ್ನುತ್ತಾರೆ! ಹಾಗೆ ಮಾಡಬೇಡಿ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಆ ಹುಡುಗ ಮಾತು ಕೇಳಿದ. ಹತ್ತು ದಿನಕ್ಕೆ ತೂಕ ಒಂದು ಕಡೆ ನಿಂತಿತು.

ಡಯಟ್ ನಂತರದ ಹಸಿವನ್ನು ಮಾತ್ರ ನಂಬಬೇಡಿ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಆಮೇಲೆ ಬೇಕಾದಷ್ಟು ತಿನ್ನಲು ಬಿಟ್ಟರೆ, ಹೊಟ್ಟೆ ಬಿರಿಯೆ ತಿಂದರೂ ಅವರಲ್ಲಿ ಹಲವರ ಹಸಿವು ತೀರಲಿಲ್ಲ. ಮೈಯಲ್ಲಿ ಕೊಬ್ಬು ಮೊದಲಿಗಿಂತ ಹೆಚ್ಚೇ ಸೇರಿತು. ಅದಕ್ಕೇ ಮತ್ತೆ ಹೇಳುತ್ತೇನೆ, ಸ್ವಲ್ಪವೇ ಹೆಚ್ಚಿಸಿ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಪ್ರೋಟೀನ್, ನಿಮ್ಮ ತೂಕದ ಪ್ರತಿ ಕಿಲೊಗೆ 1.6ರಿಂದ 2.2 ಗ್ರಾಂ. ನಿದ್ದೆ ಏಳೆಂಟು ಗಂಟೆ. ವ್ಯಾಯಾಮದಲ್ಲಿ ಇಂದು ಎಂಟು ಸಲ ಎತ್ತಿದ ಭಾರವನ್ನು ಮುಂದೆ ಒಂಬತ್ತು ಸಲ ಎತ್ತಬೇಕು, ಆಮೇಲೆ ಭಾರ ಏರಿಸಬೇಕು. ಎತ್ತುವ ಭಾರ ಏರದಿದ್ದರೆ ಹೆಚ್ಚಿಗೆ ತಿಂದದ್ದು ಕೊಬ್ಬಿನ ಪಾಲು. ಎರಡರಷ್ಟು ತಿಂದರೆ ಸ್ನಾಯು ಎರಡರಷ್ಟು ಬೆಳೆಯುವುದಿಲ್ಲ. ನೀರಿನ ತೂಕ ನಿಂತ ಮೇಲೆ ತಿಂಗಳಿಗೆ ಒಂದು ಕಿಲೊ ಏರಿದರೆ ಬೇಕಾದಷ್ಟಾಯಿತು.

ವಾರಕ್ಕೊಮ್ಮೆ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ ಸೊಂಟ ಅಳೆಯಿರಿ. ವಾರದಿಂದ ವಾರಕ್ಕೆ ಹೆಚ್ಚುತ್ತಲೇ ಹೋದರೆ ದಿನದ ಊಟದಲ್ಲಿ 100 ಕ್ಯಾಲೊರಿ ಇಳಿಸಿ. ಅಳೆಯುವಾಗ ದಯವಿಟ್ಟು ಉಸಿರು ಬಿಡಿ. ನಮಸ್ಕಾರ.